ಮೂರು ಎಂದು ರೋಗಿಯೇ ಹೇಳಬೇಕು

ಅಕ್ಕನ ಎರಡೂ ಕೈಗಳಲ್ಲಿ ಹಸಿರು ಗಾಜಿನ ಬಳೆಗಳಿದ್ದವು. ಡ್ಯೂಟಿಗೆ ಬಂದ ಕೂಡಲೇ ಅವನ್ನು ಮೊಣಕೈಯ ಹತ್ತಿರದ ತನಕ ಏರಿಸಿ, ಮೇಲಿನಿಂದ ಬ್ಯಾಂಡೇಜ್ ಬಟ್ಟೆಯ ತುಂಡೊಂದನ್ನು ಮೂರು ಸುತ್ತು ಸುತ್ತಿ, ಹಲ್ಲಿನಲ್ಲಿ ಕಚ್ಚಿ ಗಂಟು ಬಿಗಿಯುತ್ತಿದ್ದರು. ಕೈ ಅಷ್ಟು ಸಪೂರ, ಬಳೆ ಸಲೀಸಾಗಿ ಏರುತ್ತಿತ್ತು. ಮಲಗಿದವರ ಬೆನ್ನಿನಡಿಗೆ ಕೈ ಹಾಕುವಾಗ ಬಳೆ ಗೀರಬಾರದು ಎಂದು ಈ ಏರ್ಪಾಡು. ತೆಗೆದಿಟ್ಟು ಬರಬಹುದಲ್ಲ ಎಂದು ನಾನೊಮ್ಮೆ ಹೇಳಿದ್ದಕ್ಕೆ, "ನನ್ನ ಗಂಡ ಗಟ್ಟಿಮುಟ್ಟಾಗಿ ಇದ್ದಾರೆ ಮಾರಾಯ್ತಿ, ನಾನು ಎಂತಕ್ಕೆ ಬಳೆ ತೆಗೀಲಿ?" ಎಂದು ನನ್ನ ಬಾಯಿ ಮುಚ್ಚಿಸಿದರು. ಸಂಜೆ ಕಟ್ಟು ಬಿಚ್ಚಿದಾಗ ಆ ಜಾಗದಲ್ಲಿ ಒಂದು ಬಿಳಿ ಪಟ್ಟಿ ಕಾಣುತ್ತಿತ್ತು. ವರ್ಷಗಟ್ಟಲೆ ಬಿಸಿಲು ತಾಗದ ಚರ್ಮ ಅದು.

ಕುಂಬಳೆಯಲ್ಲಿ ಹೆದ್ದಾರಿಯ ಪಕ್ಕದ ಒಂದು ಆಸ್ಪತ್ರೆಯಲ್ಲಿ ಅವರು ಅಟೆಂಡರ್, ನಾನು ನರ್ಸ್. ನಾನು ಮುಳ್ಳೇರಿಯದವಳು, ಮದುವೆಯಾಗಿ ಕುಂಬಳೆಗೆ ಬಂದು, ಎರಡು ಸಾವಿರದ ಮೂರರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದೆ. ಅಷ್ಟು ಹೊತ್ತಿಗಾಗಲೇ ಅವರು ಇಡೀ ಆಸ್ಪತ್ರೆಗೆ 'ಅಕ್ಕ'. ಅವರಿಗಿಂತ ದೊಡ್ಡ ಪ್ರಾಯದ ಡಾಕ್ಟರುಗಳೂ ಅಕ್ಕ ಎಂದೇ ಕರೆಯುತ್ತಿದ್ದರು. ಅವರು ರೋಗಿಗಳ ಎದುರು ನನ್ನನ್ನು 'ಸಿಸ್ಟರ್, ನೀವು' ಎನ್ನುತ್ತಿದ್ದರು. ಬಟ್ಟೆ ಇಡುವ ಕೋಣೆಗೆ ಹೊಕ್ಕ ಕೂಡಲೇ 'ಮಾರಾಯ್ತಿ, ನೀನು' ಆಗುತ್ತಿತ್ತು. ಅವರ ತೂಕ ನಲವತ್ತೈದು ಕಿಲೋ ಇದ್ದರೆ ಹೆಚ್ಚು. ನನ್ನದು ಆಗಲೇ ತೊಂಬತ್ತು ದಾಟಿತ್ತು. ನಾವಿಬ್ಬರೂ ವಾರ್ಡಿನ ಬಾಗಿಲಲ್ಲಿ ಒಟ್ಟಿಗೆ ನಿಂತರೆ ಒಂದರ ಪಕ್ಕ ಸೊನ್ನೆ ಬರೆದ ಹಾಗೆ ಕಾಣುತ್ತದೆ ಎಂದು ಒಬ್ಬ ಡಾಕ್ಟರು ತಮಾಷೆ ಮಾಡಿದ್ದರು. ಸೊನ್ನೆ ಇಲ್ಲದಿದ್ದರೆ ಒಂದಕ್ಕೆ ಬೆಲೆ ಎಷ್ಟು ಸರ್ ಎಂದು ನಾನೂ ಕೇಳಿದ್ದೆ.

ಅಕ್ಕನದೊಂದು ಕ್ರಮ ಇತ್ತು. ಹೊಸ ರೋಗಿ ಬಂದರೆ ಅವರು ಮೊದಲು ಕೇಳುವುದು ಕಾಯಿಲೆ ಯಾವುದು ಅಂತ ಅಲ್ಲ, ಮನೆಯಲ್ಲಿ ಎಂತ ಮಾತಾಡುವುದು ಅಂತ. ತುಳುವಾ, ಬ್ಯಾರಿಯಾ, ಮಲಯಾಳವಾ, ಕೊಂಕಣಿಯಾ, ಕನ್ನಡವಾ? ನಮ್ಮಲ್ಲಿ ಹತ್ತು ಮಂಚ ಇದ್ದರೆ ಐದು ಭಾಷೆ ಇರುತ್ತದೆ. ರೋಗಿಯನ್ನು ಮಗ್ಗುಲು ತಿರುಗಿಸುವಾಗ, ಮೇಲಕ್ಕೆ ಸರಿಸುವಾಗ, ಟ್ರಾಲಿಗೆ ಹಾಕುವಾಗ ಇಬ್ಬರು ಒಟ್ಟಿಗೆ ಎತ್ತಬೇಕಲ್ಲ, ಅದಕ್ಕೆ ಎಲ್ಲ ಆಸ್ಪತ್ರೆಯಲ್ಲೂ ಒಂದು ಎರಡು ಮೂರು ಎಣಿಸುತ್ತಾರೆ. ಅಕ್ಕ ಎಣಿಸುವುದು ರೋಗಿಯ ಭಾಷೆಯಲ್ಲಿ. ಅದೂ ಎರಡರ ತನಕ ಮಾತ್ರ. ಮೂರು ಎಂದು ರೋಗಿಯೇ ಹೇಳಬೇಕು. ತುಳು ಮಾತಾಡುವವರಾದರೆ "ಒಂಜಿ, ರಡ್ಡ್" ಎಂದು ನಿಲ್ಲಿಸಿ ಅವರ ಮುಖ ನೋಡುತ್ತಿದ್ದರು. ಅವರು "ಮೂಜಿ" ಎಂದ ಮೇಲೆಯೇ ಎತ್ತುವುದು. ನೋವಿದ್ದವರು ಹೊತ್ತು ತೆಗೆದುಕೊಳ್ಳುತ್ತಿದ್ದರು. ಅಕ್ಕ ಬಾಗಿದವರು ಬಾಗಿದಲ್ಲಿಯೇ ಕಾಯುತ್ತಿದ್ದರು. ಮಾತು ಬಾರದವರಾದರೆ ಕಣ್ಣು ಮುಚ್ಚಿ ತೆರೆಯಲಿ, ಒಂದು ಬೆರಳು ಅಲ್ಲಾಡಿಸಲಿ, ಅವರ ಲೆಕ್ಕದಲ್ಲಿ ಅದೂ ಮೂರೇ.

ಹೊಸದರಲ್ಲಿ ನನಗೆ ತಾಳ್ಮೆ ಇರಲಿಲ್ಲ. ಈಗಲೂ ಅಷ್ಟೊಂದು ಇಲ್ಲ.

"ಅಕ್ಕ, ಇವರೆಲ್ಲರ ಮೂರು ಕಾಯ್ತಾ ಕೂತರೆ ನಮ್ಮ ಊಟ ಸಂಜೆಗೆ" ಎಂದೆ.

"ಅಕ್ಕಿಮುಡಿ ಆದರೆ ಕೇಳುದು ಬೇಡ, ಎತ್ತಿ ಬಿಸಾಡುವ. ಇದು ಮನುಷ್ಯ ಅಲ್ವಾ? ಮನುಷ್ಯ ತಾನೂ ಏಳ್ತೇನೆ ಅಂತ ಮನಸ್ಸು ಮಾಡಿದರೆ ಅರ್ಧ ಭಾರ ಕಮ್ಮಿ. ನಿನಗೆ ಗೊತ್ತಾಗುದಿಲ್ಲ. ನಿನಗೆ ಭಾರವೇ ಗೊತ್ತಾಗುದಿಲ್ಲ."

ಅದು ಸತ್ಯ. ನನ್ನ ವಿದ್ಯೆಯೇ ಬೇರೆ. ರೋಗಿಯ ಕಂಕುಳಿಗೆ ಕೈ ಕೊಟ್ಟು ನಾನು ಹಿಂದಕ್ಕೆ ವಾಲಿದರೆ ಸಾಕು, ಎಂಥ ಆಳೂ ಜಾರಿಕೊಂಡು ಮೇಲೆ ಬರುತ್ತಿದ್ದ. ತಂತ್ರ ಗಿಂತ್ರ ಏನೂ ಇಲ್ಲ, ನನ್ನ ತೂಕವೇ ಎಳೆಯುತ್ತಿತ್ತು. ತೋರ ಇದ್ದದ್ದಕ್ಕೆ ನನಗೆ ನಾಚಿಕೆ ಇರಲಿಲ್ಲ, ಹೆಮ್ಮೆಯೇ ಇತ್ತು. ಬೇರೆ ವಾರ್ಡಿನಲ್ಲಿ ಭಾರದ ರೋಗಿ ಇದ್ದರೆ ನನಗೆ ಕರೆ ಬರುತ್ತಿತ್ತು. ನಾನು ಸೆರಗು ಕಟ್ಟಿದ ಮದುಮಗಳ ಹಾಗೆ ಗತ್ತಿನಲ್ಲಿ ಹೋಗಿ ಎಳೆದುಕೊಟ್ಟು ಬರುತ್ತಿದ್ದೆ. ಅಕ್ಕ ಮಾತ್ರ ಒಂದು ದಿನವೂ ಹೊಗಳಲಿಲ್ಲ. "ಬೆನ್ನು ಎಷ್ಟು ವರ್ಷ ತಡೀತದೆ ನೋಡುವ" ಎನ್ನುತ್ತಿದ್ದರು.

ಬೆನ್ನು ತಡೆಯಿತು. ತಡೆಯದೆ ಹೋದದ್ದು ಮೊಣಕಾಲು. ಹತ್ತು ವರ್ಷ ಕಳೆಯುವಷ್ಟರಲ್ಲಿ ನಾನು ನೂರ ಹನ್ನೆರಡು ಕಿಲೋ ಆಗಿದ್ದೆ. ಸಕ್ಕರೆ ಕಾಯಿಲೆ ಸುರುವಾಗಿತ್ತು, ಒಂದು ಮಹಡಿ ಹತ್ತಿದರೆ ಗೋಡೆ ಹಿಡಿದು ನಿಲ್ಲಬೇಕಿತ್ತು. ನಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್ ಕಾಞಂಗಾಡಿನ ಕಡೆಯವರು, ಕೆಟ್ಟವರಲ್ಲ, ಆದರೆ ಮಾತು ಕತ್ತರಿಸಿದ ಹಾಗೆ. ಕರೆದು ಹೇಳಿದರು: "ಇನ್ನು ನಿನಗೆ ವಾರ್ಡ್ ಕಷ್ಟ. ಒಪಿಯಲ್ಲಿ ಕುರ್ಚಿ ಉಂಟು, ಕೂತು ಚೀಟಿ ಬರಿ." ಒಪಿ ಎಂದರೆ ಹೊರರೋಗಿಗಳ ಕೌಂಟರು. ಹೆಸರು, ಪ್ರಾಯ, ಯಾವ ಡಾಕ್ಟರು. ಅಲ್ಲಿ ಕೂತವರು ತಪ್ಪೇನೂ ಮಾಡಿದವರಲ್ಲ, ಆದರೆ ನಾನು ನರ್ಸಿಂಗ್ ಕಲಿತದ್ದು ಚೀಟಿ ಬರೆಯಲಿಕ್ಕಲ್ಲ. ಮಂಚದ ಪಕ್ಕ ನಿಲ್ಲುವುದು ಬಿಟ್ಟು ನನಗೆ ಬೇರೆ ಕೆಲಸವೂ ಬರುವುದಿಲ್ಲ, ಬೇಕಾಗಿಯೂ ಇರಲಿಲ್ಲ.

ಮಂಗಳೂರಿನ ಡಾಕ್ಟರೊಬ್ಬರು ದಾರಿ ಹೇಳಿದರು. ಹೊಟ್ಟೆಯೊಳಗಿನ ಚೀಲವನ್ನು ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಒಂದು ಬಾಳೆಕಾಯಿಯಷ್ಟು ಮಾತ್ರ ಉಳಿಸುವ ಆಪರೇಷನ್. ಮನೆಯವರು ಒಪ್ಪಿದರು. ನೆಂಟರು ಮಾತ್ರ, ಬಾಯಿ ಕಟ್ಟಿದ್ದರೆ ಸಾಕಿತ್ತಲ್ಲ, ಕತ್ತರಿ ಎಂತಕ್ಕೆ ಎಂದು ಬಂದು ಬಂದು ಹೇಳಿದರು. ಹಾಗೆ ಹೇಳಿದ ಒಬ್ಬೊಬ್ಬರೂ ಹೇಳುವಾಗ ಏನಾದರೂ ಜಗಿಯುತ್ತಲೇ ಇದ್ದರು. ಅಕ್ಕನಿಗೆ ಹೇಳುವಾಗ ನಾನು ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಬೆಡ್‌ಶೀಟ್ ಮಡಚುವುದನ್ನು ನಿಲ್ಲಿಸದೆ ಒಂದೇ ಪ್ರಶ್ನೆ ಕೇಳಿದರು.

"ಅದು ಮಾಡಿದ ಮೇಲೆ ವಾರ್ಡಿಗೆ ಬರ್ಲಿಕ್ಕೆ ಆಗ್ತದಾ?"

"ಆಗ್ತದೆ ಅಂತ ಹೇಳಿದ್ದಾರೆ."

"ಹಾಗಾದ್ರೆ ಮಾಡು."

ಮಂಗಳೂರಿನಲ್ಲಿ ನನ್ನನ್ನು ಆಪರೇಷನ್ ಕೋಣೆಯಿಂದ ತಂದು ಮಂಚಕ್ಕೆ ಹಾಕಿದವರು ನಾಲ್ಕು ಜನ. ಅರೆ ಎಚ್ಚರದಲ್ಲಿ ಎಲ್ಲ ಕೇಳುತ್ತಿತ್ತು. ಒಬ್ಬ ಒಂದೇ ಉಸಿರಿನಲ್ಲಿ ಮೂರರ ತನಕ ಎಣಿಸಿದ, ನಾಲ್ವರೂ ಎತ್ತಿದರು. "ಅಬ್ಬ, ಸೊಂಟ ಹೋಯ್ತು" ಎಂದು ಇನ್ನೊಬ್ಬ ನಕ್ಕ. ಅವರು ಒರಟರೇನೂ ಅಲ್ಲ, ಅಂಥ ಮಾತನ್ನು ನಾನೇ ಎಷ್ಟೋ ಸಲ ಆಡಿದ್ದೇನೆ. ಆದರೆ ಹೊಟ್ಟೆಯಲ್ಲಿ ಹೊಸ ಹೊಲಿಗೆ ಇಟ್ಟುಕೊಂಡು, ನನ್ನ ಮೈ ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಾಗದೆ ಗಾಳಿಯಲ್ಲಿದ್ದ ಆ ಒಂದು ಕ್ಷಣ ನನಗೆ ಬಹಳ ಹೆದರಿಕೆಯಾಯಿತು. ಮೂರನೇ ದಿನ ಅಕ್ಕ ಬಸ್ಸಿನಲ್ಲಿ ನೋಡಲು ಬಂದರು. ನಾನು ಅದನ್ನು ಹೇಳಿ ಅತ್ತೆ. ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ.

"ಹ್ಞೂ. ಈಗ ಗೊತ್ತಾಯ್ತಲ್ಲ" ಎಂದರು ಅಕ್ಕ, ಮತ್ತು ನನ್ನ ದಿಂಬು ಸರಿಮಾಡಿದರು.

ಎರಡೂವರೆ ತಿಂಗಳ ಮೇಲೆ, ಭಾರ ಎತ್ತಬಹುದು ಎಂಬ ಡಾಕ್ಟರ ಕಾಗದ ಹಿಡಿದು ನಾನು ವಾರ್ಡಿಗೆ ವಾಪಸ್ ಬಂದೆ. ಇಪ್ಪತ್ತನಾಲ್ಕು ಕಿಲೋ ಹೋಗಿತ್ತು. ಯೂನಿಫಾರ್ಮನ್ನು ಎರಡೂ ಬದಿಯಲ್ಲಿ ಹಿಡಿಸಿ ಹೊಲಿಸಿದ್ದೆ. ಮೊಣಕಾಲು ಹಗುರ, ಮೆಟ್ಟಿಲು ಹತ್ತಿದರೆ ಉಸಿರು ನೆಟ್ಟಗೆ. ಕನ್ನಡಿಯಲ್ಲಿ ನೋಡಿಕೊಂಡು, ಇನ್ನು ನನ್ನನ್ನು ಹಿಡಿಯುವವರು ಯಾರು ಎಂದು ಹೊರಟವಳು ನಾನು. ನನ್ನ ಬಳೆ ಮಾತ್ರ ಕೈ ತಗ್ಗಿಸಿದರೆ ಬೆರಳ ತನಕ ಜಾರುತ್ತಿತ್ತು. ಅಕ್ಕ ನೋಡಿದವರೇ ಏನೂ ಕೇಳದೆ ಅದನ್ನು ಮೇಲಕ್ಕೆ ನೂಕಿ, ತಮ್ಮ ಕಿಸೆಯಿಂದ ಬ್ಯಾಂಡೇಜ್ ತುಂಡು ತೆಗೆದು ಕಟ್ಟಿದರು.

ಆ ದಿನ ನಮ್ಮ ವಾರ್ಡಿನಲ್ಲಿ ಉಪ್ಪಳದ ಒಬ್ಬರು ಹೋಟೆಲಿನ ಧಣಿ ಇದ್ದರು. ದೊಡ್ಡ ಆಳು. ಪಾರ್ಶ್ವವಾಯು ಬಡಿದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತು ತೊದಲು. ಮಂಚದಲ್ಲಿ ಕೆಳಗೆ ಜಾರಿದ್ದವರನ್ನು ಮೇಲಕ್ಕೆ ಸರಿಸಬೇಕಿತ್ತು. ಅಕ್ಕ ಆಚೆ ಬದಿ, ನಾನು ಈಚೆ ಬದಿ. ಧಣಿಯ ಮೂರಕ್ಕೂ ಕಾಯದೆ ನಾನು ಮೊದಲಿನಂತೆಯೇ ಕಂಕುಳಿಗೆ ಕೈ ಕೊಟ್ಟು ಹಿಂದಕ್ಕೆ ವಾಲಿದೆ. ಅವರು ಬರಲಿಲ್ಲ. ನಾನೇ ಅವರ ಕಡೆಗೆ ಹೋದೆ. ಅಷ್ಟು ದೊಡ್ಡ ಆಳನ್ನು ಎಳೆಯಲು ಮೊದಲಿನ ತೂಕ ನನ್ನಲ್ಲಿ ಇರಲಿಲ್ಲ. ದಿನಕ್ಕೆ ನಾಲ್ಕು ಚಮಚ ಅನ್ನ, ಒಂದು ಮೊಟ್ಟೆ ತಿನ್ನುತ್ತಿದ್ದ ತೋಳಿನಲ್ಲಿ ಕಸುವೂ ಇರಲಿಲ್ಲ. ನನ್ನ ಕಾಲು ಜಾರಿತು, ಧಣಿಯ ಭುಜ ಮಂಚದಿಂದ ಹೊರಗೆ ವಾಲಿತು. ಅಕ್ಕ ಮಂಚದ ಮೇಲೆ ಒಂದು ಮಂಡಿ ಊರಿ, ಅವರ ಅಂಗಿಯನ್ನೂ ಕೆಳಗಿನ ಬೆಡ್‌ಶೀಟನ್ನೂ ಒಟ್ಟಿಗೆ ಮುಷ್ಟಿಯಲ್ಲಿ ಹಿಡಿದು ತಡೆದರು. ಬೀಳಲಿಲ್ಲ. ಆದರೆ ಧಣಿ ಹೆದರಿ ಕೂಗಿದ್ದು ಸೂಪರಿಂಟೆಂಡೆಂಟರ ಕೋಣೆಗೆ ಕೇಳಿಸಿತ್ತು.

ಅವರು ಬಂದರು. ನನ್ನನ್ನು ಕೇಳಲಿಲ್ಲ, ಅಕ್ಕನನ್ನು ಕೇಳಿದರು.

"ಇವಳಿಗೆ ವಾರ್ಡಿನ ಕೆಲಸ ಆಗ್ತದಾ?"

ನಾನು ಅಕ್ಕನ ಮುಖ ನೋಡಿದೆ. ಹನ್ನೊಂದು ವರ್ಷ ಒಟ್ಟಿಗೆ ದುಡಿದವರು, ಒಂದು ಮಾತು ನನ್ನ ಪರವಾಗಿ ಹೇಳದೆ ಇರುತ್ತಾರಾ?

"ಈಗ ಆಗುದಿಲ್ಲ" ಎಂದರು ಅಕ್ಕ. "ಹದಿನೈದು ದಿವಸ ಬಿಟ್ಟು ಕೇಳಿ."

ಸೂಪರಿಂಟೆಂಡೆಂಟ್ ಸ್ವಲ್ಪ ಯೋಚಿಸಿ, ಹದಿನೈದು ದಿನ ಎಂದರು. ಅಲ್ಲಿಯ ತನಕ ಭಾರದ ರೋಗಿಯನ್ನು ನಾನು ಮುಟ್ಟಬಾರದು. ಹದಿನಾರನೆಯ ದಿನ ಅವರೇ ಬಂದು ನೋಡುತ್ತಾರೆ. ಆಗದಿದ್ದರೆ ಒಪಿ, ಮತ್ತೆ ಅದರ ಮಾತೇ ಇಲ್ಲ.

ಸಿಟ್ಟು ನನ್ನ ನೆತ್ತಿಗೇರಿತ್ತು. ವಾರ್ಡಿನಲ್ಲಿ ಉಳಿಯಬೇಕು ಎಂದೇ ಹೊಟ್ಟೆ ಕೊಯ್ಯಿಸಿಕೊಂಡವಳು ನಾನು. ಕುರ್ಚಿಯಲ್ಲಿ ಕೂರಲಿಕ್ಕಾದರೆ ನೂರ ಹನ್ನೆರಡು ಕಿಲೋ ಇದ್ದರೂ ಆಗುತ್ತಿತ್ತಲ್ಲ. ಒಟ್ಟಿಗೆ ಉಂಡವರೇ ಹೀಗೆ ಕೈ ಬಿಟ್ಟರೆ ಯಾರನ್ನು ನಂಬುವುದು? ಆ ದಿನ ಪೂರ್ತಿ ನಾನು ಅಕ್ಕನೊಡನೆ ಮಾತಾಡಲಿಲ್ಲ. ಅವರೂ ಮಾತಾಡಿಸಲು ಬರಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ಬಟ್ಟೆ ಕೋಣೆಯಲ್ಲಿ ನಾನು ಸುಸ್ತಾಗಿ ಸ್ಟೂಲಿನ ಮೇಲೆ ಕೂತಿದ್ದೆ. ಅಕ್ಕ ಬಂದು ಒಂದು ತಟ್ಟೆ ಮುಂದಿಟ್ಟರು. ಒಂದು ಲೋಟ ನೀರು, ಪಕ್ಕದಲ್ಲಿ ಒಂದು ಅಚ್ಚು ಬೆಲ್ಲ. ನಮ್ಮ ಕಡೆ ಬಿಸಿಲಿನಲ್ಲಿ ಬಂದವರಿಗೆ, ದಣಿದವರಿಗೆ ಮೊದಲು ಕೊಡುವುದೇ ಬೆಲ್ಲ-ನೀರು. ಚಹಾವೆಲ್ಲ ಆಮೇಲೆ. ಅಕ್ಕನ ಕಪಾಟಿನಲ್ಲಿ ಬೆಲ್ಲದ ಭರಣಿ ಯಾವಾಗಲೂ ಇರುತ್ತಿತ್ತು. ಅಳುತ್ತಾ ನಿಂತ ರೋಗಿಗಳ ಕಡೆಯವರಿಗೂ ಅವರು ಅದನ್ನೇ ಕೊಡುವುದು. ಅದು ಅವರ ರಾಜಿ ಎಂದು ನನಗೆ ಗೊತ್ತಾಯಿತು. ಬೇಡ ಎನ್ನುವುದು ಹೇಗೆ? ಸಿಹಿ ಮುಟ್ಟಬಾರದು ಎಂದು ಮಂಗಳೂರಿನಲ್ಲಿ ಹತ್ತು ಸಲ ಹೇಳಿದ್ದರು. ಅದು ಮಿಠಾಯಿಗೆ, ಬೆಲ್ಲಕ್ಕೆ ಎಂತ ಎಂದು ನನ್ನ ಮನಸ್ಸೇ ನ್ಯಾಯ ಹೇಳಿತು. ನರ್ಸ್ ಆಗಿ ಹೀಗೆ ಯೋಚಿಸಿದ್ದಕ್ಕೆ ನನಗೆ ಈಗಲೂ ನಾಚಿಕೆ ಉಂಟು. ಅರ್ಧ ಅಚ್ಚು ಬೆಲ್ಲ ಕಚ್ಚಿ, ಇಡೀ ಲೋಟ ನೀರು ಗಟಗಟ ಕುಡಿದೆ.

ಕಾಲು ಗಂಟೆ ಆಗಿರಲಿಲ್ಲ. ಎದೆ ಡವಡವ ಹೊಡೆಯತೊಡಗಿತು. ಮೈಯೆಲ್ಲ ತಣ್ಣನೆ ಬೆವರು, ಹೊಟ್ಟೆಯಲ್ಲಿ ತಿರುಚಿದಂತೆ ನೋವು, ಕಣ್ಣೆದುರು ಕತ್ತಲೆ. ಕಪಾಟಿನ ಬುಡದಲ್ಲಿ ನೆಲದ ಮೇಲೆ ಕೂತವಳು ಏಳಲಿಲ್ಲ. ಅಕ್ಕ ನನ್ನ ತಲೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಡಾಕ್ಟರನ್ನು ಕೂಗಿದರು. ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಡಾಕ್ಟರು ಬಂದು ನೋಡಿ, ಪ್ರಾಣಕ್ಕೆ ಏನೂ ಆಗುವುದಿಲ್ಲ, ಚಿಕ್ಕದಾದ ಹೊಟ್ಟೆಯಲ್ಲಿ ಸಿಹಿ ನಿಲ್ಲದೆ ಒಮ್ಮೆಲೇ ಕರುಳಿಗೆ ಇಳಿದರೆ ಹೀಗಾಗುತ್ತದೆ, ಮಲಗಿಸಿ ಎಂದರು. ಒಂದು ಗಂಟೆಯಲ್ಲಿ ಸರಿಯಾಯಿತು.

ಅಕ್ಕ ಆ ಒಂದು ಗಂಟೆಯೂ ನನ್ನ ಕಾಲ ಬಳಿ ಕೂತಿದ್ದರು.

"ನಾನು ಕೊಂದೇ ಬಿಡ್ತಿದ್ದೆ ನಿನ್ನನ್ನು."

"ತಿಂದದ್ದು ನಾನಲ್ವಾ ಅಕ್ಕ? ಗೊತ್ತಿದ್ದೂ ತಿಂದದ್ದು."

"ಎಂತಕ್ಕೆ ತಿಂದದ್ದು?"

"ನೀವು ಕೊಟ್ಟದ್ದಕ್ಕೆ."

ಅವರು ಎದ್ದು ಬೆಲ್ಲದ ಭರಣಿಯನ್ನು ನನ್ನ ಕೈಗೆ ಎಟುಕದ ಮೇಲಿನ ಹಲಗೆಗೆ ಏರಿಸಿದರು. "ಇನ್ನು ಯಾರು ಕೊಟ್ಟರೂ ಇಲ್ಲ ಅಂತ ಹೇಳ್ಲಿಕ್ಕೆ ಕಲಿ. ನಾನು ಕೊಟ್ಟರೂ ಸಹ. ನಿನ್ನೆ ನಾನು ಮೇಡಂಗೆ ಇಲ್ಲ ಅಂತ ಹೇಳಿದೆ ಅಲ್ವಾ, ಹಾಗೆ." ಕಪಾಟಿನ ಬಾಗಿಲು ಹಾಕಿ ಮತ್ತೆ ಹೇಳಿದರು: "ಆಗ್ತದೆ ಅಂತ ಸುಳ್ಳು ಹೇಳಿದ್ದರೆ ಎರಡು ದಿವಸದಲ್ಲಿ ನೀನು ಆ ಧಣಿಯನ್ನು ಕೆಳಗೆ ಹಾಕ್ತಿದ್ದೆ. ಆಮೇಲೆ ಹದಿನೈದು ನಿಮಿಷವೂ ಸಿಕ್ಕುದಿಲ್ಲ ನಿನಗೆ. ಹದಿನೈದು ದಿವಸ ಕೇಳಿದ್ದು ಸುಮ್ಮನೆ ಅಲ್ಲ ಮಾರಾಯ್ತಿ. ನಾಳೆಯಿಂದ ಒಂದು ಗಂಟೆ ಮೊದಲೇ ಬಾ."

ಮರುದಿನದಿಂದ ನನ್ನ ಶಾಲೆ ಸುರುವಾಯಿತು. ವಾರ್ಡಿನ ಕೊನೆಯಲ್ಲಿ ಒಂದು ಖಾಲಿ ಕೋಣೆ, ಒಂದು ಹಳೆಯ ಮಂಚ. ಅಕ್ಕ ಅದರ ಮೇಲೆ ಅಂಗಾತ ಮಲಗಿ ಮೈ ಸಡಿಲ ಬಿಟ್ಟರು. ನಾನೇ ರೋಗಿ, ಎತ್ತು ಎಂದರು. ನಲವತ್ತೈದು ಕಿಲೋ ಎಂದು ನಾನು ನಕ್ಕೆ. ಮೈಬಿಟ್ಟು ಮಲಗಿದ ನಲವತ್ತೈದು ಕಿಲೋ ಎಷ್ಟು ಭಾರ ಎಂದು ಆ ಬೆಳಿಗ್ಗೆ ತಿಳಿಯಿತು.

ಕಂಕುಳು ಹಿಡಿಯುವ ನನ್ನ ಅಭ್ಯಾಸವನ್ನು ಮೊದಲು ಬಿಡಿಸಿದರು. ರೋಗಿಯ ಕೆಳಗಿನ ಬೆಡ್‌ಶೀಟನ್ನು ಬದಿಯಿಂದ ಸುರುಳಿ ಸುತ್ತುತ್ತಾ ಅವರ ಮೈಗೆ ತಾಗುವ ತನಕ ತರಬೇಕು, ಆ ಸುರುಳಿಯನ್ನು ಅಂಗೈ ಮೇಲಾಗಿ ಹಿಡಿಯಬೇಕು. ಹಿಡಿತ ಮೈಗೆ ಹತ್ತಿರ ಇದ್ದಷ್ಟು ಭಾರ ಕಡಿಮೆ. ಒಂದು ಕಾಲು ಮುಂದೆ, ಒಂದು ಹಿಂದೆ, ಮಂಡಿ ಸ್ವಲ್ಪ ಬಗ್ಗಿರಬೇಕು, ಬೆನ್ನು ಬಗ್ಗಬಾರದು. ಎಳೆಯುವುದು ತೋಳಲ್ಲ, ಮೈಯ ಭಾರ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹೋಗಬೇಕು, ಅದರೊಟ್ಟಿಗೆ ರೋಗಿಯೂ ಬರುತ್ತಾನೆ. ಇದನ್ನೆಲ್ಲ ನನಗೆ ನರ್ಸಿಂಗ್ ಕಾಲೇಜಿನಲ್ಲಿಯೂ ಕಲಿಸಿದ್ದರು. ಪರೀಕ್ಷೆಯಲ್ಲಿ ಬರೆದು ಅಂಕವೂ ತೆಗೆದಿದ್ದೆ. ಮೈಯಲ್ಲಿ ತೂಕ ಇದ್ದಷ್ಟು ದಿನ ಅದರ ಅಗತ್ಯ ಬೀಳಲಿಲ್ಲ, ಅಷ್ಟೆ. ಅಕ್ಕನ ಬಳಿ ತೂಕ ಎಂಬುದು ಯಾವತ್ತೂ ಇರಲಿಲ್ಲವಾದ್ದರಿಂದ ಅವರು ಮೊದಲ ದಿನದಿಂದ ಕಾಲಿನಲ್ಲಿಯೇ ಎತ್ತಿದವರು.

"ಒಂಜಿ, ರಡ್ಡ್" ಎಂದು ನಾನು ಎಣಿಸಿ ಕಾಯುತ್ತಿದ್ದೆ. ಮಂಚದಲ್ಲಿದ್ದ ಅಕ್ಕ ಮೂಜಿ ಎನ್ನುತ್ತಲೇ ಇರಲಿಲ್ಲ. ತಲೆ ಎತ್ತದೆ ಕಣ್ಣು ಮಾತ್ರ ಕೆಳಗೆ ತಿರುಗಿಸಿ ನನ್ನ ಪಾದ ನೋಡುತ್ತಿದ್ದರು.

"ಹೇಳಿ ಅಕ್ಕ, ಬೆನ್ನು ನೋಯ್ತದೆ."

"ಬೆನ್ನು ಯಾಕೆ ನೋಯ್ತದೆ? ಬಗ್ಗಿದ್ದಿ, ಅದಕ್ಕೆ. ನಿನ್ನ ಕಾಲು ನೋಡು. ಎರಡೂ ಜೋಡಿಸಿ ನಿಂತಿದ್ದಿ, ಫೋಟೋ ತೆಗೀಲಿಕ್ಕಾ? ನಾನು ಮೂಜಿ ಹೇಳುದಿಲ್ಲ."

ಕಾಲು ಸರಿ ಬರುವ ತನಕ ಹೇಳುತ್ತಿರಲಿಲ್ಲ. ಕೆಲವು ದಿನ ಬೆಳಿಗ್ಗೆ ಹತ್ತು ಸಲ ಎಣಿಸಿದರೆ ಎರಡು ಸಲ ಮೂಜಿ ಸಿಗುತ್ತಿತ್ತು. ಒಂದು ದಿನ ನನಗೆ ರೇಗಿ, ನೀವು ಹೇಳದಿದ್ದರೆ ಬೇಡ, ಒಪಿಗೆ ಹೋಗ್ತೇನೆ ಎಂದು ಸುರುಳಿ ಬಿಟ್ಟು ನಿಂತೆ. ಅಕ್ಕ ಮಂಚದಲ್ಲಿ ಮಲಗಿದಲ್ಲಿಯೇ, "ಹೋಗುವಾಗ ಬಾಗಿಲು ಹಾಕು, ಸೆಖೆಗೆ ನಾನು ಸ್ವಲ್ಪ ನಿದ್ದೆ ಮಾಡ್ತೇನೆ" ಎಂದು ಕಣ್ಣು ಮುಚ್ಚಿದರು. ನಗು ಬಂದು ಮತ್ತೆ ಸುರುಳಿ ಹಿಡಿದೆ.

ನೀರಿಗೂ ಅವರೇ ಕ್ರಮ ಕಟ್ಟಿದರು. ಆ ಆಪರೇಷನ್ ಆದವರು ಗಟಗಟ ಕುಡಿಯುವ ಹಾಗಿಲ್ಲ, ಊಟದೊಟ್ಟಿಗೆ ಕುಡಿಯುವ ಹಾಗಿಲ್ಲ, ಆದರೆ ದಿನವಿಡೀ ಕುಡಿಯುತ್ತಲೇ ಇರಬೇಕು. ವಾರ್ಡಿನಲ್ಲಿ ಓಡುವ ನರ್ಸಿಗೆ ಅದು ನೆನಪಾಗುವುದು ಹೇಗೆ? ಅಕ್ಕ ಬಾಗಿಲ ಪಕ್ಕದ ಮೇಜಿನ ಮೇಲೆ ಮುಚ್ಚಳ ಇರುವ ಒಂದು ಸ್ಟೀಲಿನ ಚೊಂಬು ಇಟ್ಟರು. ಒಂದು ಬೆಡ್ ಮುಗಿದರೆ ಒಂದು ಗುಟುಕು. ನಾನು ಮರೆತರೆ ವಾರ್ಡಿನ ಆ ತುದಿಯಿಂದ ರೋಗಿಗಳೇ, "ಸಿಸ್ಟರೇ, ನಿಮ್ಮ ಗುಟುಕು" ಎನ್ನುವಷ್ಟು ಅಕ್ಕ ಅದನ್ನು ಊರಿಗೇ ಸಾರಿದ್ದರು. ಮಧ್ಯಾಹ್ನ ನನ್ನ ಎದುರು ಕೂತು, ನಾನು ನಾಲ್ಕು ಚಮಚವನ್ನು ಇಪ್ಪತ್ತು ನಿಮಿಷ ಜಗಿದು ಮುಗಿಸುವ ತನಕ ಏಳುತ್ತಿರಲಿಲ್ಲ. ಅವರ ಊಟ ಐದು ನಿಮಿಷದಲ್ಲಿ ಮುಗಿದಿರುತ್ತಿತ್ತು. ಒಣಗಿದ ಎಂಜಲು ಕೈಯಲ್ಲಿಯೇ ಕೂರುತ್ತಿದ್ದರು.

ಹದಿನಾರನೆಯ ದಿನ ಬೆಳಿಗ್ಗೆ ಸೂಪರಿಂಟೆಂಡೆಂಟ್ ಬಂದು ಬಾಗಿಲಲ್ಲಿ ನಿಂತರು. ಯಾರನ್ನು ಎತ್ತಬೇಕು ಎಂದು ಅಕ್ಕನನ್ನೇ ಕೇಳಿದರು. ವಾರ್ಡಿನಲ್ಲಿ ತೆಳ್ಳಗಿನ ಅಜ್ಜಂದಿರು ಇಬ್ಬರು ಇದ್ದರು. ಅಕ್ಕ ಸೀದಾ ಹೋಟೆಲಿನ ಧಣಿಯ ಮಂಚದ ಆಚೆ ಬದಿಗೆ ಹೋಗಿ ನಿಂತರು. ಧಣಿ ನನ್ನನ್ನು ನೋಡಿ ಎಡಗೈಯಲ್ಲಿ ಮಂಚದ ಸರಳನ್ನು ಗಟ್ಟಿ ಹಿಡಿದರು. ಹೆದರಿಕೆ. ಅವರನ್ನು ದೂರಿ ಪ್ರಯೋಜನ ಇಲ್ಲ, ಮಂಗಳೂರಿನಲ್ಲಿ ನಾನೂ ಹೀಗೆ ಸರಳನ್ನು ಹುಡುಕಿದ್ದೆ.

"ಪೋಡ್ಯೊಡ್ಚಿ" ಎಂದೆ. ತುಳುವಿನಲ್ಲಿ ಹೆದರಬೇಡಿ ಎಂದು. "ನಾನು ಎರಡರ ತನಕ ಎಣಿಸ್ತೇನೆ. ಮೂಜಿ ನೀವು ಹೇಳಬೇಕು. ನೀವು ಹೇಳದೆ ನಿಮ್ಮನ್ನು ಎತ್ತುದಿಲ್ಲ."

ಬೆಡ್‌ಶೀಟ್ ಸುತ್ತಿದೆ. ಕಾಲು ಇಟ್ಟೆ. ಒಂಜಿ, ರಡ್ಡ್. ಧಣಿ ನನ್ನನ್ನೇ ನೋಡುತ್ತಿದ್ದರು. ಸೂಪರಿಂಟೆಂಡೆಂಟ್ ವಾಚು ನೋಡಿದರು. ಅಕ್ಕ ಯಾರನ್ನೂ ನೋಡದೆ ಬಾಗಿ ನಿಂತಿದ್ದರು. ಹತ್ತು ಸೆಕೆಂಡ್ ಆಗಿರಬಹುದು, ನನಗೆ ಹತ್ತು ನಿಮಿಷ. ಧಣಿಯ ಸೊಟ್ಟ ಬಾಯಿ ಒಂದೆರಡು ಸಲ ತೆರೆದು ಮುಚ್ಚಿತು. ಮತ್ತೆ "ಮೂ...ಜಿ" ಎಂದು ಬಂತು, ಎಡಗೈ ಸರಳನ್ನು ಬಿಟ್ಟಿತು. ನನ್ನ ಭಾರ ಹಿಂಗಾಲಿನಿಂದ ಮುಂಗಾಲಿಗೆ ಹೋಯಿತು. ಅಷ್ಟು ದೊಡ್ಡ ಮೈ ಸದ್ದಿಲ್ಲದೆ ದಿಂಬಿನ ತನಕ ಸರಿದು ನಿಂತಿತು. ನನ್ನ ಬೆನ್ನಿಗೆ ಗೊತ್ತೇ ಆಗಲಿಲ್ಲ.

ಸೂಪರಿಂಟೆಂಡೆಂಟ್ ತಿರುಗಿ ತಮ್ಮ ಕೋಣೆಗೆ ಹೋದರು. ಮಧ್ಯಾಹ್ನ ನೋಟೀಸ್ ಬೋರ್ಡಿನಲ್ಲಿ ಮುಂದಿನ ತಿಂಗಳ ಡ್ಯೂಟಿ ಲಿಸ್ಟ್ ಹಾಕಿದ್ದರು. ನನ್ನ ಹೆಸರು ವಾರ್ಡಿನ ಕೆಳಗೆ ಇತ್ತು. ನಾನು ಓಡಿಬಂದು ಅಕ್ಕನಿಗೆ ಹೇಳಿದೆ. ಕುಣಿಯುವಷ್ಟು ಸಂತೋಷವಾಗಿತ್ತು ನನಗೆ.

"ಗುಟುಕು ಕುಡಿದಿಯಾ?" ಎಂದರು ಅಕ್ಕ.

ಆಮೇಲೆ ಮೂರು ವರ್ಷ ನಾವು ಒಟ್ಟಿಗೆ ಎತ್ತಿದೆವು. ನನ್ನ ತೂಕ ಇನ್ನೂ ಇಳಿದು ಎಪ್ಪತ್ತಕ್ಕೆ ನಿಂತಿತು, ತೋಳಿಗೆ ಕಸುವು ತಿರುಗಿ ಬಂತು. ಅಕ್ಕನಿಗೆ ನಿವೃತ್ತಿಯಾದ ಮೇಲೆ ನಾನೇ ಆ ವಾರ್ಡಿನ ಜವಾಬ್ದಾರಿಯ ಸಿಸ್ಟರ್ ಆದೆ. ಹೊಸದಾಗಿ ಬರುವ ಹುಡುಗಿಯರಿಗೆ ಕೊನೆಯ ಕೋಣೆಯ ಮಂಚದಲ್ಲಿ ನಾನು ಮಲಗಿ ಕಲಿಸುತ್ತೇನೆ. ಅವರೂ ಸಿಡಿಮಿಡಿ ಮಾಡುತ್ತಾರೆ. ಮಾಡಲಿ.

ಎರಡು ಸಾವಿರದ ಹತ್ತೊಂಬತ್ತರ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕ ನಮ್ಮ ವಾರ್ಡಿಗೇ ರೋಗಿಯಾಗಿ ಬಂದರು. ಶ್ವಾಸಕೋಶಕ್ಕೆ ಕಫ ಕಟ್ಟಿ ಜ್ವರ ಏರಿತ್ತು. ನಲವತ್ತೈದು ಕಿಲೋದಲ್ಲಿ ಮೂವತ್ತೈದು ಉಳಿದಿತ್ತೋ ಇಲ್ಲವೋ. ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಬಳೆ ಹಾಗೆಯೇ ಇತ್ತು. ನಾನು ಅದನ್ನು ಮೇಲಕ್ಕೆ ಏರಿಸಿ ಬ್ಯಾಂಡೇಜ್ ತುಂಡು ಕಟ್ಟಿದೆ. ಅವರನ್ನು ನಾನೊಬ್ಬಳೇ ಮಗುವಿನಂತೆ ಎತ್ತಿಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಹೊಸ ಹುಡುಗಿಯೊಬ್ಬಳನ್ನು ಆಚೆ ಬದಿಗೆ ನಿಲ್ಲಿಸಿ, ಬೆಡ್‌ಶೀಟ್ ಸುತ್ತಿ, "ಒಂಜಿ, ರಡ್ಡ್" ಎಂದು ಕಾಯುತ್ತಾ ನಿಂತೆ. ಅಕ್ಕ ತಲೆ ಎತ್ತಲಿಲ್ಲ. ಕಣ್ಣು ಮಾತ್ರ ನಿಧಾನಕ್ಕೆ ಕೆಳಗೆ ತಿರುಗಿ ನನ್ನ ಪಾದಗಳ ಮೇಲೆ ನಿಂತಿತು. ಅಲ್ಲಿಂದ ಆ ಹುಡುಗಿಯ ಪಾದಗಳಿಗೆ ಹೋಯಿತು. ಹುಡುಗಿ ಅವಸರದಲ್ಲಿ ಒಂದು ಕಾಲು ಮುಂದಿಟ್ಟಳು. ಆಮೇಲೆ ಅಕ್ಕ ಉಸಿರಿನಲ್ಲಿಯೇ "ಮೂಜಿ" ಎಂದರು.

ಐದು ದಿನ ಹಾಗೆ ಎತ್ತಿದೆವು. ಆರನೆಯ ದಿನ ಮಧ್ಯಾಹ್ನ, ಊಟದ ಹೊತ್ತಿಗೆ, ಅಕ್ಕ ತೀರಿಕೊಂಡರು. ಗಂಡ ಪಕ್ಕದಲ್ಲಿಯೇ ಇದ್ದರು. ಅವರನ್ನು ಹೊರಗೆ ಕೂರಿಸಿ ನಾನೂ ಆ ಹುಡುಗಿಯೂ ಅಕ್ಕನ ಮೈ ಒರೆಸಿ, ಹೊಸ ಸೀರೆ ಸುತ್ತಿದೆವು. ಇನ್ನು ಟ್ರಾಲಿಗೆ ಹಾಕಬೇಕು. ಬೆಡ್‌ಶೀಟ್ ಸುತ್ತಿ ಹಿಡಿದೆವು.

"ಒಂಜಿ, ರಡ್ಡ್" ಎಂದೆ. ಅಭ್ಯಾಸ ಬಲದಿಂದ ನಿಲ್ಲಿಸಿದೆ.

ಹುಡುಗಿ ನನ್ನ ಮುಖ ನೋಡಿದಳು. ಅವಸರ ಮಾಡಲಿಲ್ಲ, ಅವಳೂ ಕಾದಳು. ಹೊರಗೆ ಹೆದ್ದಾರಿಯಲ್ಲಿ ಬಸ್ಸಿನ ಹಾರನ್ ಕೇಳುತ್ತಿತ್ತು. ನಾನು ಅಕ್ಕನ ಮುಚ್ಚಿದ ಕಣ್ಣುಗಳನ್ನು ನೋಡಿದೆ. ಆಮೇಲೆ ಕೆಳಗೆ ನನ್ನ ಪಾದಗಳನ್ನು ನೋಡಿಕೊಂಡೆ. ಒಂದು ಮುಂದೆ, ಒಂದು ಹಿಂದೆ, ಮಂಡಿ ಸ್ವಲ್ಪ ಬಗ್ಗಿತ್ತು. ಸರಿ ಇತ್ತು.

"ಮೂಜಿ" ಎಂದು ನಾನೇ ಹೇಳಿದೆ.